ಉಳ್ಳಾಗಡ್ಡಿ ಪಟ್ಟಿಯಲ್ಲಿ ಯುದ್ಧದ ಪಾಲೆಷ್ಟು?

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಎರಡು ವಾರ ಕಳೆಯುವುದರೊಳಗೆ ಬ್ರೆಂಟ್ ಕಚ್ಚಾ ತೈಲ ಬ್ಯಾರಲ್ಲಿಗೆ 130 ಡಾಲರ್ ದಾಟಿ, ಒಂದು ಹೊತ್ತಿನಲ್ಲಿ 139ರ ಹತ್ತಿರ ಹೋಗಿ ಬಂತು. ಆದರೆ ಗದಗ-ಬೆಟಗೇರಿಯ ಬಂಕುಗಳಲ್ಲಿ ಮಾರ್ಚ್ 21ರವರೆಗೂ ದರ ಇದ್ದಲ್ಲೇ ಇತ್ತು. 2017ರ ಜೂನ್‌ನಿಂದ ಇಂಧನದ ದರ ದಿನದಿನವೂ ಬದಲಾಗಬೇಕೆಂಬ ನಿಯಮವಿದ್ದರೂ 2021ರ ನವೆಂಬರ್ 4ರ ನಂತರ 137 ದಿನ ಅದು ಕದಲಲಿಲ್ಲ. ಉತ್ತರ ಪ್ರದೇಶ, ಪಂಜಾಬ ಸೇರಿ ಐದು ರಾಜ್ಯಗಳ ಚುನಾವಣೆ ಆ ನಡುವೆ ಮುಗಿದು, ಮಾರ್ಚ್ 10ಕ್ಕೆ ಫಲಿತಾಂಶವೂ ಬಂದಿತ್ತು. ಮಾರ್ಚ್ 22ಕ್ಕೆ ಶುರುವಾದ ಏರಿಕೆ ಏಪ್ರಿಲ್ 6ರೊಳಗೆ ಹದಿನಾಲ್ಕು ಕಂತುಗಳಲ್ಲಿ ಲೀಟರಿಗೆ ಸುಮಾರು 10 ರೂಪಾಯಿ ಹೇರಿತು; ಬೆಂಗಳೂರಿನಲ್ಲಿ 85.01 ರೂಪಾಯಿ ಇದ್ದ ಡೀಸೆಲ್ 94.79ಕ್ಕೆ ಹೋಯಿತು. ಬಂಕಿನ ದರ ಯುದ್ಧ ನೋಡಿ ಏರುತ್ತದೋ, ಮತಪೆಟ್ಟಿಗೆ ನೋಡಿ ಏರುತ್ತದೋ ಎಂದು ಯಾರಾದರೂ ಕೇಳಿದರೆ ಎರಡನ್ನೂ ನೋಡಿ ಎನ್ನಬೇಕಾಗುತ್ತದೆ. ಬೆಲೆ ಯಾವ ಕಡೆ ಹೊರಳಬೇಕೆಂದು ಯುದ್ಧ ಹೇಳುತ್ತದೆ, ಯಾವಾಗ ಮತ್ತು ಎಷ್ಟು ಎಂಬುದನ್ನು ದಿಲ್ಲಿಯೂ ಬೆಂಗಳೂರೂ ಗೊತ್ತು ಮಾಡುತ್ತವೆ. ಹಾಗೆ ಏರಿದ ಬೆಲೆ ಕೈಯಿಂದ ಕೈಗೆ ದಾಟುತ್ತ ಹೋಗಿ ಎಲ್ಲಿ ನಿಲ್ಲುತ್ತದೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ತನ್ನ ಮಾಲಿಗೆ ತಾನೇ ದರ ಹೇಳಲಾರದವನ ಕೈಯಲ್ಲಿ ಅದು ನಿಲ್ಲುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಒಣಬೇಸಾಯದ ರೈತ ಅಂಥವನು.

ಮೊದಲು, ಅಷ್ಟು ದೂರದ ಯುದ್ಧ ಇಲ್ಲಿಗೆ ಮುಟ್ಟುವ ದಾರಿ ಯಾವುದು? ಉಕ್ರೇನ್ ಯುದ್ಧಕ್ಕೆ ಮುಂಚೆ ಭಾರತದ ತೈಲ ಆಮದಿನಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡರಷ್ಟೂ ಇರಲಿಲ್ಲ. ನಾವು ಕೊಳ್ಳದ ಅಂಗಡಿಗೆ ಬೆಂಕಿ ಬಿದ್ದರೆ ನಮಗೇನು ಎನ್ನುವಂತಿಲ್ಲ. ರಷ್ಯಾದ ತೈಲ ಬೇಡವೆಂದ ಯುರೋಪಿನವರು ಸೌದಿ, ಇರಾಕ್, ಅಮೆರಿಕಗಳ ಬಾಗಿಲಿಗೆ ಬಂದು ನಿಂತರು. ನಾವೂ ಅದೇ ಸಾಲಿನಲ್ಲಿದ್ದೆವು. ಕಚ್ಚಾ ತೈಲಕ್ಕೆ ಜಗತ್ತಿನಲ್ಲಿ ಇರುವುದು ಒಂದೇ ಸಂತೆ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನದು, ಲೆಕ್ಕವೆಲ್ಲ ಡಾಲರಿನಲ್ಲಿ. 2022ರ ಆರಂಭದಲ್ಲಿ ಡಾಲರಿಗೆ 75 ರೂಪಾಯಿ ಆಸುಪಾಸು ಇದ್ದದ್ದು ವರ್ಷದ ಕೊನೆಗೆ 82-83 ಆಯಿತು; ತೈಲ ಅದೇ ಬೆಲೆಗೆ ಸಿಕ್ಕಿದ್ದರೂ ನಮಗೆ ಅದು ತುಟ್ಟಿಯೇ. ಹಡಗಿನ ಬಾಡಿಗೆ, ವಿಮೆ ಬೇರೆ. ಪರ್ಷಿಯನ್ ಕೊಲ್ಲಿಯ ಬಾಯಿಯಲ್ಲಿರುವ ಹಾರ್ಮುಜ್ ಜಲಸಂಧಿಯ ಮೂಲಕ ದಿನಕ್ಕೆ ಸುಮಾರು 2 ಕೋಟಿ ಬ್ಯಾರಲ್, ಅಂದರೆ ಜಗತ್ತು ಉರಿಸುವ ತೈಲದ ಐದನೇ ಒಂದು ಪಾಲು ಹಾಯ್ದು ಹೋಗುತ್ತಿತ್ತು. ಅಂಥ ಕಡೆ ಗುಂಡಿನ ಸದ್ದಾದರೆ ಒಂದು ಹಡಗೂ ನಿಲ್ಲುವ ಮೊದಲೇ ಬೆಲೆ ಏರಿರುತ್ತದೆ. ಇಂಥ ಆಪತ್ತಿಗೆಂದೇ ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆಗಳನ್ನು ಬಂಡೆ ಕೊರೆದು ಕಟ್ಟಿದ್ದಾರೆ. ಮೂರೂ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನದ ಅಗತ್ಯ ನೀಗುತ್ತದೆ. ತೈಲವೇ ಬಾರದ ದಿನಕ್ಕೆ ಅದು ಆಸರೆ; ಬೆಲೆಯನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಇದೇ ಪೆಟ್ಟು 1973ರಲ್ಲೂ ಬಿದ್ದಿತ್ತು. ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಬ್ಯಾರಲ್ಲಿಗೆ 3 ಡಾಲರ್ ಆಸುಪಾಸು ಇದ್ದ ತೈಲ ಕೆಲವೇ ತಿಂಗಳಲ್ಲಿ 12ಕ್ಕೆ ಹತ್ತಿರವಾಯಿತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಆ ನವೆಂಬರಿನಲ್ಲಿಯೇ ವಾಜಪೇಯಿ ದಿಲ್ಲಿಯಲ್ಲಿ ಎತ್ತಿನ ಬಂಡಿ ಏರಿ ಸಂಸತ್ತಿಗೆ ಹೋಗಿ ಬೆಲೆಯೇರಿಕೆಯನ್ನು ಪ್ರತಿಭಟಿಸಿದ್ದರು. ದಿಲ್ಲಿಯಲ್ಲಿ ಅದು ಸುದ್ದಿ. ಮುಂಡರಗಿಯಲ್ಲಿ ಚಕ್ಕಡಿ ಹೂಡುವುದು ನಿತ್ಯದ ಬದುಕು. ಆಗಿನ ಎರಿ ಹೊಲಕ್ಕೆ ತೈಲದ ಬೆಲೆ ಮುಟ್ಟುತ್ತಿದ್ದದ್ದು ಚಿಮಣಿ ಎಣ್ಣೆಯಿಂದ, ಬಸ್ಸಿನ ಚಾರ್ಜಿನಿಂದ. ರಂಟೆ, ಕುಂಟೆ, ಬಿತ್ತಿಗೆ, ರಾಶಿ ಎಲ್ಲ ಎತ್ತಿನ ಹೆಗಲ ಮೇಲೆ ನಡೆಯುತ್ತಿತ್ತು. ಇವತ್ತು ಅದೇ ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತದೆ, ರೋಟಾವೇಟರ್ ಬರುತ್ತದೆ, ಗೋವಿನಜೋಳ ಬಿಡಿಸಲು ಮಷಿನ್ ಬರುತ್ತದೆ. ಸ್ವಂತ ಟ್ರ್ಯಾಕ್ಟರ್ ಇಲ್ಲದವನಿಗೆ ಎಲ್ಲವೂ ತಾಸಿನ ಲೆಕ್ಕ, ಎಕರೆ ಲೆಕ್ಕದ ಬಾಡಿಗೆ. ಎತ್ತು ಸಾಕುವ ಕಷ್ಟ ಕಂಡವರು ಯಾರೂ ಆ ಕಾಲ ಮರಳಲಿ ಎನ್ನಲಾರರು. ಆದರೆ ಮೇವಿನ ಜಾಗಕ್ಕೆ ಡೀಸೆಲ್ ಬಂದಾಗ ಬೇಸಾಯ ತನಗೆ ಗೊತ್ತೇ ಇಲ್ಲದ ದೇಶಗಳ ಜಗಳಕ್ಕೆ ಗಂಟುಬಿತ್ತು ಎಂಬುದೂ ನಿಜ. ಇದರ ಮೇಲೆ ಇನ್ನೊಂದು: ಹುಬ್ಬಳ್ಳಿ-ಗುಂತಕಲ್ ಮಾರ್ಗದಲ್ಲಿರುವ ಗದಗಿಗೆ ರೈಲುಂಟು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳಿಗೆ ಇಲ್ಲ. ಆ ಕಡೆಯ ಮೆಣಸಿನಕಾಯಿ, ಶೇಂಗಾ, ಹತ್ತಿ, ಉಳ್ಳಾಗಡ್ಡಿ ಎಲ್ಲವೂ ಟಂಟಂ ಇಲ್ಲವೇ ಲಾರಿ ಏರಿಯೇ ಹೊರಡಬೇಕು.

2022ರ ನವೆಂಬರಿನಲ್ಲಿ ಗದಗ ತಾಲೂಕಿನ ತಿಮ್ಮಾಪುರದ ರೈತರೊಬ್ಬರು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಮಾರಿದ ಪಟ್ಟಿಯೊಂದು ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದನ್ನು ಸಾಲುಸಾಲಾಗಿ ಓದಬೇಕು. ಮಾಲು 205 ಕಿಲೋ. ದರ ಕ್ವಿಂಟಲಿಗೆ 200 ರೂಪಾಯಿ. ಒಟ್ಟು 410 ರೂಪಾಯಿ. ಅದರಲ್ಲಿ ಹಮಾಲಿ 24 ರೂಪಾಯಿ, ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ. ಕಳೆದು ರೈತನ ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಬೀಜ, ಗೊಬ್ಬರ, ಕಳೆ, ಕೀಳುವ ಕೂಲಿ ಇದರಲ್ಲಿ ಸೇರಿಲ್ಲ. ಅಂದು ಜನ ನಕ್ಕರು, ಮರುಗಿದರು, ಮೊಬೈಲಿನಿಂದ ಮೊಬೈಲಿಗೆ ಕಳಿಸಿದರು. ಬೆಲೆ ಬಿದ್ದದ್ದಕ್ಕೂ ಯುದ್ಧಕ್ಕೂ ಸಂಬಂಧವಿಲ್ಲ: ಆ ವರ್ಷ ಮಳೆ ವಿಪರೀತವಾಗಿ ನಮ್ಮ ಕಡೆಯ ಗಡ್ಡಿ ಸಣ್ಣದಾಗಿ, ಹಸಿಯಾಗಿ ಬಂದಿತ್ತು. ಇದು ಹೌದು. ಆದರೆ ಪಟ್ಟಿಯಲ್ಲಿ ಬಾಡಿಗೆಯ ಸಾಲನ್ನು ಮಾತ್ರ ಹಿಡಿದು ನೋಡೋಣ. ಕ್ವಿಂಟಲಿಗೆ ಅದು ಸುಮಾರು 184 ರೂಪಾಯಿ. ಉಳ್ಳಾಗಡ್ಡಿಗೆ 2,000 ರೂಪಾಯಿ ಸಿಕ್ಕಿದ್ದರೂ ಬಾಡಿಗೆ ಅಷ್ಟೇ ಇರುತ್ತಿತ್ತು, ಹತ್ತನೇ ಒಂದು ಪಾಲಿಗೂ ಕಡಿಮೆ. 200 ಸಿಕ್ಕಾಗಲೂ ಅಷ್ಟೇ. ಮಾಲಿನ ಬೆಲೆ ಏರಲಿ ಇಳಿಯಲಿ, ಡೀಸೆಲ್ ತನ್ನ ಪಾಲನ್ನು ಮೊದಲೇ ಎತ್ತಿಕೊಳ್ಳುತ್ತದೆ.

ಈ ಬಾಡಿಗೆಯಲ್ಲಿ ಯುದ್ಧದ ಪಾಲು ಎಷ್ಟಿದ್ದೀತು? 2022ರ ಮೇ 21ರಂದು ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಪೆಟ್ರೋಲಿಗೆ 8, ಡೀಸೆಲಿಗೆ 6 ರೂಪಾಯಿ ಇಳಿಸಿದ ಮೇಲೆ ಬೆಂಗಳೂರಿನ ಡೀಸೆಲ್ ದರ 87.89ರಲ್ಲಿ ನಿಂತಿತ್ತು. ಯುದ್ಧಕ್ಕೆ ಮೊದಲಿನ 85.01ಕ್ಕಿಂತ ಮೂರು ರೂಪಾಯಿಯಷ್ಟು ಹೆಚ್ಚು. ಲಾರಿ ಬಾಡಿಗೆಯಲ್ಲಿ ಅರ್ಧ ಡೀಸೆಲಿನದೆಂದು ಹಿಡಿದರೆ ಆ 377 ರೂಪಾಯಿಯಲ್ಲಿ ಯುದ್ಧದ ನಂತರದ ಏರಿಕೆ ಸುಮಾರು 6 ರೂಪಾಯಿ. ಇಷ್ಟೇನಾ ಎನಿಸಬಹುದು, ಕೈಗೆ ಉಳಿದದ್ದು 8 ರೂಪಾಯಿ ಎಂಬುದನ್ನು ಮರೆಯಬಾರದು. ಇನ್ನು ತೆರಿಗೆ. ಆಗ ಲೀಟರ್ ಡೀಸೆಲ್ ಮೇಲೆ ಕೇಂದ್ರದ ಸುಂಕ 15.80 ರೂಪಾಯಿ, ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ ನೂರಕ್ಕೆ 14.34. ಇದೇ ಲೆಕ್ಕದಲ್ಲಿ ಆ ಬಾಡಿಗೆಯೊಳಗೆ ಕುಳಿತಿದ್ದ ತೆರಿಗೆ ಐವತ್ತು ರೂಪಾಯಿಗೂ ಹೆಚ್ಚು. ಎರಡು ಕ್ವಿಂಟಲ್ ಉಳ್ಳಾಗಡ್ಡಿಯಲ್ಲಿ ಯುದ್ಧಕ್ಕೆ ಆರು, ಬೆಳೆದವನಿಗೆ ಎಂಟು, ಎರಡು ಸರ್ಕಾರಗಳಿಗೆ ಐವತ್ತರ ಮೇಲೆ. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಸಾಗಣೆದಾರ ಇದನ್ನು ಎಲ್ಲೂ ವಜಾ ಹಾಕಿಕೊಳ್ಳಲಾರ, ಬಾಡಿಗೆಗೆ ಸೇರಿಸುತ್ತಾನೆ. ದಲಾಲ ಬಾಡಿಗೆಯನ್ನು ಪಟ್ಟಿಯಲ್ಲಿ ಮುರಿದುಕೊಳ್ಳುತ್ತಾನೆ. ಸಾರಿಗೆ ಸಂಸ್ಥೆಯೂ ಹಾಗೆಯೇ: ಡೀಸೆಲ್ ಖರ್ಚಿನ ಕಾರಣವನ್ನೂ ಮುಂದಿಟ್ಟು 2025ರ ಜನವರಿಯಲ್ಲಿ ಬಸ್ ಚಾರ್ಜು ನೂರಕ್ಕೆ 15ರಷ್ಟು ಏರಿತು. ಎಲ್ಲರಿಗೂ ಮುಂದೆ ಒಬ್ಬ ಇದ್ದಾನೆ. ಕೊಳ್ಳುವಾಗ ಅಂಗಡಿಯವ ಹೇಳಿದ ದರ, ಮಾರುವಾಗ ದಲಾಲ ಹೇಳಿದ ದರ ಎನ್ನುವ ರೈತನಿಗೆ ಮುಂದೆ ಯಾರೂ ಇಲ್ಲ.

ತೆರಿಗೆ ಇಲ್ಲದೆ ಸರ್ಕಾರ ನಡೆಯುವುದು ಹೇಗೆ, ರಸ್ತೆ ಯಾರು ಮಾಡಬೇಕು, ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ತಕರಾರು ಇರುವುದು ತೆರಿಗೆ ನಡೆದುಕೊಂಡ ರೀತಿಯ ಬಗ್ಗೆ. 2020ರ ಏಪ್ರಿಲಿನಲ್ಲಿ ಕೋವಿಡ್ ಹೊಡೆತಕ್ಕೆ ಬ್ರೆಂಟ್ 20 ಡಾಲರಿಗೂ ಕೆಳಗೆ ಬಿದ್ದಾಗ ಬಂಕಿನ ದರ ಇಳಿಯಬೇಕಿತ್ತು. ಮೇ ತಿಂಗಳಲ್ಲಿ ಕೇಂದ್ರ ಸುಂಕವನ್ನು ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಏರಿಸಿ ಆ ಇಳಿಕೆಯನ್ನು ತಾನೇ ಉಂಡಿತು. ರಾಜ್ಯವೂ ಹಿಂದೆ ಬಿದ್ದಿಲ್ಲ: 2024ರ ಜೂನ್‌ನಲ್ಲಿ ಡೀಸೆಲ್ ತೆರಿಗೆಯನ್ನು ಶೇಕಡಾ 18.4ಕ್ಕೆ, 2025ರ ಏಪ್ರಿಲ್ 1ಕ್ಕೆ 21.17ಕ್ಕೆ ಒಯ್ದಿತು. ಆ ಏಪ್ರಿಲಿನಲ್ಲಿ ಬ್ರೆಂಟ್ 65 ಡಾಲರ್ ಆಸುಪಾಸಿಗೆ, ಅಂದರೆ ಉಕ್ರೇನ್ ಯುದ್ಧಕ್ಕೆ ಹಿಂದಿನ ಮಟ್ಟಕ್ಕಿಂತ ಎಷ್ಟೋ ಕೆಳಗೆ ಇಳಿದಿತ್ತು. ಬೆಂಗಳೂರಿನಲ್ಲಿ ಡೀಸೆಲ್ ಮಾತ್ರ 91 ರೂಪಾಯಿ. ಯುದ್ಧದ ಬಿಸಿ ಆರಿದ ಮೇಲೂ ದರ ಯುದ್ಧಕ್ಕೆ ಹಿಂದಿನ ಮಟ್ಟಕ್ಕಿಂತ ಮೇಲೆಯೇ ಉಳಿಯಿತು. 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ನಡುವೆ ಹನ್ನೆರಡು ದಿನ ಯುದ್ಧ ನಡೆದಾಗ ಬ್ರೆಂಟ್ 80ರ ಹತ್ತಿರಕ್ಕೆ ಜಿಗಿದು ಮತ್ತೆ 70ರ ಕೆಳಗೆ ಬಂತು, ನಮ್ಮ ಬಂಕಿನ ದರ ಅಲುಗಲಿಲ್ಲ. ಸ್ಥಿರತೆ ಒಳ್ಳೆಯದೇ, ಅದು ಯಾವ ಎತ್ತರದಲ್ಲಿ ಸ್ಥಿರವಾಗಿದೆ ಎಂಬುದನ್ನೂ ಕೇಳಬೇಕಷ್ಟೆ.

ರಷ್ಯಾದಿಂದ ಅಗ್ಗದ ತೈಲ ತಂದೆವಲ್ಲ ಎನ್ನುವುದು ಇನ್ನೊಂದು ಮಾತು. ತಂದದ್ದು ನಿಜ; 2023ರ ಹೊತ್ತಿಗೆ ಆಮದಿನ ಮೂರನೇ ಒಂದು ಪಾಲಿಗೂ ಹೆಚ್ಚು ಅಲ್ಲಿಂದಲೇ ಬಂತು. ಆ ರಿಯಾಯಿತಿ ಬಂಕಿನ ತನಕ ಬರಲಿಲ್ಲ. ಕಂಪನಿಗಳ ಪರವಾಗಿ ಹೇಳುವುದಾದರೆ, 2022ರ ಏಪ್ರಿಲ್-ಜೂನ್ ಮೂರೇ ತಿಂಗಳಲ್ಲಿ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಸೇರಿ 18,000 ಕೋಟಿ ರೂಪಾಯಿಗೂ ಹೆಚ್ಚು ನಷ್ಟ ಹೊತ್ತವು. ಜನರ ಪರವಾಗಿ ಹೇಳುವುದಾದರೆ, 2023-24ರಲ್ಲಿ ಅವೇ ಮೂರು ಕಂಪನಿಗಳ ಲಾಭ ಸುಮಾರು 81,000 ಕೋಟಿ. ದರದಲ್ಲಿ ಇಳಿದದ್ದು 2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, 2 ರೂಪಾಯಿ.

ಹಾಗಾದರೆ ಡೀಸೆಲಿಗೂ ದರ ಕಟ್ಟಿ ಕೂಡಿಸಿದರಾಯಿತು ಎನ್ನುವುದು ಸುಲಭದ ಪರಿಹಾರ. ಗೊಬ್ಬರದಲ್ಲಿ ಅದನ್ನೇ ಮಾಡಿದ್ದೇವೆ. ಉಕ್ರೇನ್ ಯುದ್ಧಕ್ಕೆ ಗೊಬ್ಬರ, ಅನಿಲ ಎರಡೂ ಗಗನಕ್ಕೇರಿದಾಗ ಕೇಂದ್ರ 2022-23ರಲ್ಲಿ ಸುಮಾರು ಎರಡೂವರೆ ಲಕ್ಷ ಕೋಟಿ ಸಬ್ಸಿಡಿ ಸುರಿದು 45 ಕಿಲೋ ಯೂರಿಯಾ ಚೀಲವನ್ನು 266 ರೂಪಾಯಿಯಲ್ಲೇ, ಡಿಎಪಿಯನ್ನು 1,350ರಲ್ಲೇ ಹಿಡಿಯಿತು. ಪೊಟ್ಯಾಷ್ ಮಾತ್ರ 1,700ಕ್ಕೆ ಹೋಯಿತು. ಆ ಆಸರೆ ಇಲ್ಲದಿದ್ದರೆ ಸಣ್ಣ ಹಿಡುವಳಿದಾರ ಉಳಿಯುತ್ತಿರಲಿಲ್ಲ, ಒಪ್ಪೋಣ. ಆದರೆ ದರ ಕಟ್ಟಿದ ಮಾತ್ರಕ್ಕೆ ಮಾಲು ಸಿಗುವುದಿಲ್ಲ. 2025ರ ಜುಲೈನಲ್ಲಿ ಗೋವಿನಜೋಳಕ್ಕೆ ಮೇಲುಗೊಬ್ಬರ ಹಾಕುವ ಹೊತ್ತಿಗೆ ಗದಗ, ಕೊಪ್ಪಳ ಜಿಲ್ಲೆಗಳಲ್ಲಿ ಯೂರಿಯಾಕ್ಕಾಗಿ ಸೊಸೈಟಿಗಳ ಮುಂದೆ ಪಾಳಿ ಹಚ್ಚಿ ನಿಲ್ಲಬೇಕಾಯಿತು. ಡೀಸೆಲಿನಲ್ಲೂ 2022ರ ಜೂನ್‌ನಲ್ಲಿ ಇದರ ರುಚಿ ಸಿಕ್ಕಿತ್ತು: ನಷ್ಟಕ್ಕೆ ಮಾರಲೊಲ್ಲದ ಖಾಸಗಿ ಬಂಕುಗಳು ಮಾರಾಟ ತಗ್ಗಿಸಿ, ಹಲವು ರಾಜ್ಯಗಳಲ್ಲಿ ಸರ್ಕಾರಿ ಕಂಪನಿಗಳ ಬಂಕುಗಳ ಮೇಲೆ ಒತ್ತಡ ಬಿತ್ತು. ಮಳೆಗಾಲದ ಬಿತ್ತಿಗೆಯ ವೇಳೆ ಅದು. ಮೇಲಾಗಿ ಎಲ್ಲರಿಗೂ ಅಗ್ಗ ಮಾಡಿದರೆ ಲಾಭದ ದೊಡ್ಡ ಪಾಲು ಹೋಗುವುದು ಹೆಚ್ಚು ಉರಿಸುವವರಿಗೆ, ಎರಡೆಕರೆಯವನಿಗಲ್ಲ.

ಮಾಡಬಹುದಾದದ್ದು ಇದಕ್ಕಿಂತ ಸಣ್ಣದು, ಆದರೆ ಗಟ್ಟಿ. ಕಚ್ಚಾ ತೈಲ ಇಂತಿಷ್ಟು ಏರಿದರೆ ಸುಂಕ ಇಂತಿಷ್ಟು ಇಳಿಯುತ್ತದೆ, ಅದು ಇಳಿದರೆ ಸುಂಕ ಇಷ್ಟಕ್ಕಿಂತ ಹೆಚ್ಚಾಗುವುದಿಲ್ಲ ಎಂಬ ಕಟ್ಟಳೆಯನ್ನು ಮೊದಲೇ ಬರೆದಿಟ್ಟರೆ ಚುನಾವಣೆಯ ಪಂಚಾಂಗ ನೋಡಿ ದರ ಗೊತ್ತು ಮಾಡುವುದು ತಪ್ಪುತ್ತದೆ. ಸುಗ್ಗಿಯಲ್ಲಿ ಉಳ್ಳಾಗಡ್ಡಿಯ ಬೆಲೆ ನೆಲಕಚ್ಚಿದಾಗ ಸಾಗಣೆಗೆ ಸಹಾಯಧನ ಕೊಟ್ಟರೆ ಖರ್ಚೂ ಕಡಿಮೆ, ತಲುಪಬೇಕಾದವರಿಗೇ ತಲುಪುತ್ತದೆ. ಡೀಸೆಲನ್ನೇ ಬಿಟ್ಟು ಸಾಗುವ ದಾರಿಯೂ ಇದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಉದ್ದಕ್ಕೂ ಹಬ್ಬಿದ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ತಿರುಗುತ್ತಿವೆ, ಗದಗ ಮಾರ್ಗದಲ್ಲಿ ಈಗ ವಿದ್ಯುತ್ ಎಂಜಿನ್ ಓಡುತ್ತಿದೆ. ಇರಾನಿನಲ್ಲಿ ಏನೇ ಆದರೂ ಆ ಎಂಜಿನ್ ನಿಲ್ಲುವುದಿಲ್ಲ. ಲಕ್ಷ್ಮೇಶ್ವರದ ಮೇಲೆ ಹಾಯುವ ಗದಗ-ಯಲವಿಗಿ ರೈಲು ಮಾರ್ಗದ ಬೇಡಿಕೆ ಬಹಳ ಹಳೆಯದು. ಯಲವಿಗಿಯಲ್ಲಿ ಅದು ಹುಬ್ಬಳ್ಳಿ-ಬೆಂಗಳೂರು ಮಾರ್ಗವನ್ನು ಕೂಡುವುದರಿಂದ ಲಕ್ಷ್ಮೇಶ್ವರ, ಶಿರಹಟ್ಟಿಯ ಚೀಲ ಹುಬ್ಬಳ್ಳಿ ಸುತ್ತದೆ ನೇರ ಬೆಂಗಳೂರಿಗೆ ಹೋದೀತು. ಪ್ರಯಾಣಿಕರ ಸಂಖ್ಯೆಯನ್ನಷ್ಟೇ ಎಣಿಸಿ ಇಂಥ ಮಾರ್ಗ ಲಾಭವೋ ನಷ್ಟವೋ ಎಂದು ತೂಗುವುದು ಅರೆ ಲೆಕ್ಕ. ಆ ಸುತ್ತಿನ ಉಳ್ಳಾಗಡ್ಡಿ, ಮೆಣಸಿನಕಾಯಿ, ಶೇಂಗಾ ವರ್ಷಕ್ಕೆ ಎಷ್ಟು ಡೀಸೆಲ್ ಸುಡುತ್ತಿದೆ ಎಂಬುದನ್ನೂ ತಕ್ಕಡಿಗೆ ಹಾಕಬೇಕು. ಮುಂಡರಗಿಗೆ ಅದೂ ದೂರವೇ. ಅಲ್ಲಿಯ ಮಾಲು ಗದಗ ಜಂಕ್ಷನ್‌ವರೆಗಾದರೂ ಲಾರಿಯಲ್ಲೇ ಬರಬೇಕು.