ಹಲ್ಲು ಎಣಿಸಿ, ಎರಡು ಸುತ್ತು ತಿರುಗಿಸಿ

ಹಳೆಯ ಮಾರುತಿ 800ರ ಟೈಮಿಂಗ್ ಬೆಲ್ಟನ್ನು ಮನೆಯಲ್ಲೇ ಬದಲಿಸಬಹುದೇ, ವಿಶೇಷ ಟೂಲ್ ಬೇಕೇ ಬೇಕೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಅಂಥ ಸರಳ ಎಂಜಿನ್‌ನಲ್ಲಿ ಖಂಡಿತ ಬದಲಿಸಬಹುದು. ಆ ಟೂಲ್ ಮಾಡುವ ಕೆಲಸ ಏನೆಂದು ಅರ್ಥವಾದರೆ, ಅದರ ಜಾಗದಲ್ಲಿ ಒಂದು ಬಾಟಲಿ ವೈಟ್ನರ್ ಏಕೆ ಸಾಕಾಗುತ್ತದೆ ಎಂಬುದೂ ಅರ್ಥವಾಗುತ್ತದೆ.

ಟೈಮಿಂಗ್ ಬೆಲ್ಟ್ ಕೂಡಿಸುವುದು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನೂ ವಾಲ್ವ್ ತೆರೆಯುವ ಕ್ಯಾಮ್ ದಂಡವನ್ನೂ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ಅದಕ್ಕೇ ಕ್ಯಾಮ್ ಪುಲ್ಲಿಗೆ ಎರಡರಷ್ಟು ಹಲ್ಲು. ಎಂಜಿನ್ ನಿಮಿಷಕ್ಕೆ 3000 ಸುತ್ತು ಓಡುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲಿದ್ದರೆ, ಬೆಲ್ಟ್ ಒಂದೇ ಹಲ್ಲು ಜಾರಿ ಕೂತರೂ 18 ಡಿಗ್ರಿ ವ್ಯತ್ಯಾಸ. ಗಾಡಿಯ ಪಿಕಪ್ಪೇ ಹೋಗುತ್ತದೆ. ಇನ್ನಷ್ಟು ತಪ್ಪಿದರೆ ಅಥವಾ ಬೆಲ್ಟೇ ಕಟ್ಟಾದರೆ, ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವಿಗೆ ಬಡಿಯುತ್ತದೆ.

ಈ ಹಲ್ಲಿನ ಬೆಲ್ಟ್ ಹುಟ್ಟಿದ್ದು ಕಾರಿಗಾಗಿ ಅಲ್ಲ, ಹೊಲಿಗೆ ಯಂತ್ರಕ್ಕಾಗಿ. 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯ ರಿಚರ್ಡ್ ಕೇಸ್ ಸಿಂಗರ್ ಯಂತ್ರಗಳಿಗೆಂದು ಇದನ್ನು ರೂಪಿಸಿದರು. ಸೂಜಿ ಬಟ್ಟೆಯ ಕೆಳಗಿಳಿದು ತುಸು ಮೇಲೇಳುವಾಗ ದಾರ ಸಣ್ಣ ಕುಣಿಕೆಯಾಗಿ ಸಡಿಲಗೊಳ್ಳುತ್ತದೆ. ಆ ಗಳಿಗೆಗೇ ಕೆಳಗಿನ ಕೊಕ್ಕೆ ಬಂದು ಅದನ್ನು ಹಿಡಿಯಬೇಕು. ತುಸು ಮುಂಚೆ ಬಂದರೂ ಹೊಲಿಗೆ ಬೀಳದು, ತಡವಾದರೂ ಬೀಳದು. ಮೇಲಿನ ದಂಡ, ಕೆಳಗಿನ ದಂಡ ಒಂದಕ್ಕೊಂದು ಜಾರದೆ ತಿರುಗಲಿ ಎಂದೇ ಬೆಲ್ಟಿಗೆ ಹಲ್ಲು ಬಂತು. 1962ರಲ್ಲಿ ಬವೇರಿಯಾದ ಗ್ಲಾಸ್ ಕಂಪನಿ ತನ್ನ 1004 ಕಾರಿನ ಕ್ಯಾಮ್ ತಿರುಗಿಸಲು ಇದನ್ನೇ ಅಳವಡಿಸಿತು. ಮೊದಲು ಬಿತ್ತನೆ ಯಂತ್ರ ಮಾಡುತ್ತಿದ್ದ ಆ ಕಂಪನಿಯನ್ನು 1966ರಲ್ಲಿ ಬಿಎಂಡಬ್ಲ್ಯು ಕೊಂಡುಕೊಂಡಿತು. ಬೆಲ್ಟ್ ಮಾತ್ರ ಜಗತ್ತಿನ ಅನೇಕ ಕಾರುಗಳಿಗೆ ಹಬ್ಬಿತು.

ವರ್ಕ್‌ಶಾಪಿನ ಆ ವಿಶೇಷ ಟೂಲ್, ಅಂದರೆ ಲಾಕಿಂಗ್ ಟೂಲ್, ಮಾಡುವುದು ಇಷ್ಟೇ: ಬೆಲ್ಟ್ ತೆಗೆದಾಗ ಕ್ಯಾಮ್, ಕ್ರ್ಯಾಂಕ್ ಎರಡೂ ಅಲುಗದಂತೆ ಹಿಡಿಯುವುದು. ಮನೆಯಲ್ಲಾದರೆ ಬ್ಯಾಟರಿಯ ನೆಗೆಟಿವ್ ಕಳಚಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಪುಲ್ಲಿಗಳ ಗುರುತು ಸರಿಯಾಗಿ ಕೂರುವವರೆಗೆ ಸ್ಪ್ಯಾನರಿನಿಂದ ಕ್ರ್ಯಾಂಕ್ ತಿರುಗಿಸಿ. ಹಳೆಯ ಬೆಲ್ಟಿನಿಂದ ಪುಲ್ಲಿಗೆ ದಾಟುವಂತೆ ಎರಡೂ ಕಡೆ ವೈಟ್ನರ್ ಗೆರೆ ಎಳೆಯಿರಿ. ಬೆಲ್ಟ್ ಕಳಚಿ, ಗೆರೆಗಳ ನಡುವಿನ ಹಲ್ಲು ಎಣಿಸಿ, ಹೊಸದರ ಮೇಲೆ ಅಷ್ಟೇ ಅಂತರಕ್ಕೆ ಗೆರೆ ಹಾಕಿ. ಬೆಲ್ಟ್ ಎಷ್ಟೇ ಸವೆದಿದ್ದರೂ ಹಲ್ಲಿನ ಲೆಕ್ಕ ಬದಲಾಗದು. ಹೊಸ ಬೆಲ್ಟನ್ನು ಮಡಚಬೇಡಿ, ಒಳಗಿನ ಗಾಜಿನೆಳೆ ಮುರಿಯುತ್ತದೆ. ಕೂರಿಸುವಾಗ ಸಡಿಲವೆಲ್ಲ ಬೆಲ್ಟ್ ಬಿಗಿಸುವ ಟೆನ್ಷನರ್ ಇರುವ ಕಡೆಗೇ ಬರಲಿ.

ಆಮೇಲೆ ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಇಡೀ ಕೆಲಸದ ಪರೀಕ್ಷೆ ಇದು. ಪುಲ್ಲಿಗಳ ಗುರುತು ಮತ್ತೆ ಕೂಡಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ. ವಾಲ್ವಿಗೆ ಪಿಸ್ಟನ್ ತಾಗಿರಬಹುದು.

ಇಲ್ಲೇ ಹಲವರು ಗಾಬರಿಬೀಳುತ್ತಾರೆ. ಎರಡು ಸುತ್ತಿನ ನಂತರ ಬೆಲ್ಟಿನ ಮೇಲಿನ ಗೆರೆ ಎಲ್ಲೋ ಹೋಗಿರುತ್ತದೆ! ಹೋಗಲೇಬೇಕು. ಬೆಲ್ಟಿಗೆ 105 ಹಲ್ಲು, ಪುಲ್ಲಿಗಳಿಗೆ 20 ಮತ್ತು 40 ಎಂದಿಟ್ಟುಕೊಳ್ಳಿ. 105 ಮತ್ತು 40ರ ಲಘುತಮ ಸಾಮಾನ್ಯ ಅಪವರ್ತ್ಯ 840. ಅಂದರೆ ಎಲ್ಲ ಗೆರೆ ಮತ್ತೆ ಒಟ್ಟಾಗಲು ಕ್ರ್ಯಾಂಕ್ 42 ಸುತ್ತು ತಿರುಗಬೇಕು. ನೋಡಬೇಕಾದ್ದು ಪುಲ್ಲಿಗಳ ಗುರುತನ್ನು ಮಾತ್ರ.

ಇಷ್ಟೆಲ್ಲ ನಡೆಯುವುದು ಪುಲ್ಲಿ ದಂಡದ ಕೀಲಿಗೆ ಸಿಕ್ಕಿ ಭದ್ರವಾಗಿ ಕೂತಿರುವ ಎಂಜಿನ್‌ಗಳಲ್ಲಿ. ಕೆಲವು ಎಂಜಿನ್‌ಗಳಲ್ಲಿ ಪುಲ್ಲಿಯನ್ನು ದಂಡಕ್ಕೆ ಹಿಡಿದಿರುವುದು ಬೋಲ್ಟಿನ ಬಿಗಿತವೊಂದೇ. ಬೋಲ್ಟ್ ಸಡಿಲಾದರೆ ಪುಲ್ಲಿಯ ಗುರುತಿಗೂ ದಂಡಕ್ಕೂ ಸಂಬಂಧವೇ ತಪ್ಪುತ್ತದೆ. ಯಾರು ಯಾವ ವಿಡಿಯೋದಲ್ಲಿ ಎಷ್ಟೇ ಸಲೀಸಾಗಿ ಮಾಡಿ ತೋರಿಸಿದರೂ, ಅಂಥ ಎಂಜಿನ್‌ನ ಕ್ಯಾಮ್ ಬೋಲ್ಟಿಗೆ ಲಾಕಿಂಗ್ ಟೂಲ್ ಇಲ್ಲದೆ ಸ್ಪ್ಯಾನರ್ ಹಾಕಬೇಡಿ.