ಲೇಬಲ್ ಸಂಖ್ಯೆ ಯಾರದು?

ಎಂಪಿಎಲ್‌ಎಸ್ ಜಾಲಕ್ಕೆ ಬಂದ ಪ್ಯಾಕೆಟ್ಟಿಗೆ ಮೊದಲ ರೂಟರ್ ಲೇಬಲ್ ಎಂಬ ಒಂದು ಸಂಖ್ಯೆ ಕೊಡುತ್ತದೆ, ಕೊನೆಯವರೆಗೂ ಅದೇ ಸಂಖ್ಯೆ ಅಂಟಿಕೊಂಡಿರುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಲೇಬಲ್ ಹಚ್ಚುವುದೇನೋ ಮೊದಲ ರೂಟರೇ. ಆದರೆ ಸಂಖ್ಯೆ ಆರಿಸಿದ್ದು ಅದರ ಮುಂದಿನ ರೂಟರ್. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಟೋಕನ್ ಕೊಡುವವನೇ ಆಮೇಲೆ ಅದನ್ನು ನೋಡಿ ಚಪ್ಪಲಿ ಹುಡುಕಬೇಕು. ಪಕ್ಕದ ಸ್ಟ್ಯಾಂಡಿನಲ್ಲಿ ಅದೇ 24 ಇನ್ಯಾರದೋ ಜೋಡು. ಇಲ್ಲೂ ಹಾಗೆಯೇ.

ಅಂದಮೇಲೆ ಲೇಬಲ್ ಹಂಚಿಕೆ ಪ್ಯಾಕೆಟ್ ಸಾಗುವ ದಿಕ್ಕಿಗೆ ಎದುರಾಗಿ ನಡೆಯಬೇಕು. ಸಾಲಾಗಿ 'ಕ', 'ಖ', 'ಗ', 'ಘ' ಎಂಬ ರೂಟರುಗಳಿವೆ, ತಲುಪಬೇಕಾದ ವಿಳಾಸ 'ಘ' ಬಳಿ ಇದೆ ಎನ್ನಿ. "ಆ ವಿಳಾಸಕ್ಕಾದರೆ 30 ಹಚ್ಚಿ ಕಳಿಸು" ಎಂದು 'ಗ' ತನ್ನ ಹಿಂದಿನ 'ಖ'ಗೆ ತಿಳಿಸುತ್ತದೆ. 'ಖ' ತನ್ನದೇ 24 ಆರಿಸಿ 'ಕ'ಗೆ ಹೇಳುತ್ತದೆ. ಪ್ಯಾಕೆಟ್ ಹೊರಟಾಗ 'ಕ' 24 ಹಚ್ಚುತ್ತದೆ, 'ಖ' ಅದನ್ನು ತೆಗೆದು 30 ಹಾಕುತ್ತದೆ. 'ಘ' ಮಾತ್ರ ಸಾಮಾನ್ಯವಾಗಿ 3 ಎಂದು ಸಾರುತ್ತದೆ. ಇದು ಪ್ಯಾಕೆಟ್ ಮೇಲೆ ಎಂದೂ ಕಾಣಿಸದ ಸಂಖ್ಯೆ. ಲೇಬಲ್ ಕಿತ್ತೇ ಕಳಿಸು ಎಂಬ ಸೂಚನೆ ಅಷ್ಟೇ. ಹಾಗಾಗಿ ಲೇಬಲ್ ಕೀಳುವ ಕೆಲಸ 'ಗ' ಪಾಲಿಗೆ ಬರುತ್ತದೆ. ಕೊನೆಯ ರೂಟರಿಗೆ ಎರಡು ಸಲ ಹುಡುಕುವ ಶ್ರಮ ಉಳಿಯಿತು.

ಲೇಬಲ್ ಇದ್ದರೆ ಮಾಹಿತಿ ಗುಪ್ತವಾಗಿರುತ್ತದೆ ಎಂಬ ಮಾತೂ ಇದೆ. ಲೇಬಲ್ಲಿನ ಇಡೀ ಹೆಡರ್ 32 ಬಿಟ್, ಅದರಲ್ಲಿ ಸಂಖ್ಯೆಗೆ 20. ಗೂಢಲಿಪಿಯ ಸುಳಿವೇ ಇಲ್ಲ.

ಇಂಜಿನಿಯರುಗಳನ್ನೂ ಕಾಡುವ ತಪ್ಪು ಇನ್ನೊಂದು: ಲೇಬಲ್ ಹಂಚುವ ಎಲ್‌ಡಿಪಿಯೇ ದಾರಿಯನ್ನೂ ಹುಡುಕುತ್ತದೆ ಎನ್ನುವುದು. ದಾರಿ ಹುಡುಕುವುದು ಓಎಸ್‌ಪಿಎಫ್ ಅಥವಾ ಐಎಸ್-ಐಎಸ್. ಎಲ್‌ಡಿಪಿ 646ನೇ ಪೋರ್ಟಿನಲ್ಲಿ ಮೊದಲು ಯುಡಿಪಿಯ ಹಲೋ ಕಳಿಸಿ ನೆರೆಯವರನ್ನು ಗುರುತಿಸುತ್ತದೆ, ಬಳಿಕ ಟಿಸಿಪಿ ಸಂಪರ್ಕ ಬೆಳೆಸಿ, ಸಾಮಾನ್ಯವಾಗಿ ಯಾರೂ ಕೇಳದಿದ್ದರೂ ತನ್ನ ಲೇಬಲ್‌ಗಳನ್ನು ಎಲ್ಲ ನೆರೆಯವರಿಗೂ ಸಾರುತ್ತದೆ. ಯಾವುದನ್ನು ಬಳಸಬೇಕೆಂದು ತೀರ್ಮಾನವಾಗುವುದು ರೂಟಿಂಗ್ ಪಟ್ಟಿಯ ಪ್ರಕಾರ.

ದಾರಿ ಹುಡುಕುವುದು, ಲೇಬಲ್ ಹಂಚುವುದು ಎರಡೂ ಬೇರೆಬೇರೆ ಎಂಬುದನ್ನು ಮರೆತರೆ ಪೇಚು ಕಟ್ಟಿಟ್ಟದ್ದು. ಒಂದು ಲಿಂಕಿನಲ್ಲಿ ಓಎಸ್‌ಪಿಎಫ್ ಬದುಕಿದ್ದು ಎಲ್‌ಡಿಪಿ ಸತ್ತರೆ, ರೂಟರಿನಿಂದ ರೂಟರಿಗೆ ಪಿಂಗ್ ಸಲೀಸಾಗಿ ಹೋಗುತ್ತದೆ, ಲೇಬಲ್ ನಂಬಿ ಸಾಗುವ ಗ್ರಾಹಕರ ವಿಪಿಎನ್ ಮಾತ್ರ ನಿಂತಿರುತ್ತದೆ. ನಡುವಿನ ರೂಟರುಗಳಿಗೆ ಗ್ರಾಹಕರ ವಿಳಾಸಗಳೇ ಗೊತ್ತಿಲ್ಲವಲ್ಲ; ಲೇಬಲ್ ಇಲ್ಲದೆ ಅವು ಪ್ಯಾಕೆಟ್ಟನ್ನು ಎತ್ತ ಕಳಿಸಬೇಕು? 2009ರ ಆರ್‌ಎಫ್‌ಸಿ 5443 ಇದಕ್ಕೆ ಸೂಚಿಸುವ ಉಪಾಯ ಸರಳ: ಎಲ್‌ಡಿಪಿ ಸಿದ್ಧವಾಗುವ ತನಕ ಆ ಲಿಂಕಿನ ವೆಚ್ಚವನ್ನು ಗರಿಷ್ಠಕ್ಕೇರಿಸಿ ಸಾರುವುದು. ಬೇರೆ ದಾರಿಯಿದ್ದರೆ ಸಂಚಾರ ಅತ್ತ ಹೊರಳುತ್ತದೆ.