ಒಂದೇ ಗೋಡೆಯ ನಂಬಿಕೆ ಸಾಲದು: ಸೈಬರ್ ದಾಳಿ ಮತ್ತು ಸಂಸ್ಥೆಗಳ ರಕ್ಷಣೆ

ಮಿರ್ಜಾನ (ಕುಮಟಾ): ರಾಷ್ಟ್ರೀಯ ಹೆದ್ದಾರಿಗೆ ಸಮೀಪದಲ್ಲಿರುವ ಮಿರ್ಜಾನ ಕೋಟೆ ಒಂದೇ ಗೋಡೆಯನ್ನು ನಂಬಿ ನಿಂತದ್ದಲ್ಲ. ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನೆನಪಿನೊಂದಿಗೆ ಬೆಸೆದಿರುವ ಈ ಚಿರೆಕಲ್ಲಿನ ಕೋಟೆಗೆ ಹೊರಗೆ ಕಂದಕ, ನಂತರ ಎರಡು ಸುತ್ತಿನ ಗೋಡೆ, ಬುರುಜು, ಒಳಗೆ ಬಾವಿ ಹಾಗೂ ಗುಪ್ತ ಮಾರ್ಗಗಳಿವೆ. ಒಂದು ತಡೆ ಕುಸಿದರೆ ಮತ್ತೊಂದು ಕಾಯಬೇಕು. ಕಂಪ್ಯೂಟರ್ ಜಾಲಗಳ ರಕ್ಷಣೆಯ ಮೂಲ ತತ್ವವೂ ಇದೇ ಆಗಿದೆ.

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ಆದರೂ ರಾಜ್ಯ ಸರ್ಕಾರದ ಖಜಾನೆಯೇ ಕಳವಿನಿಂದ ಪಾರಾಗಲಿಲ್ಲ.

ಠೇವಣಿ ಹಣಕ್ಕೆ ಕನ್ನ

ಸರ್ಕಾರಿ ಟೆಂಡರಿನಲ್ಲಿ ಭಾಗವಹಿಸುವ ಗುತ್ತಿಗೆದಾರರು ಮುಂಗಡ ಠೇವಣಿ ಇಡುತ್ತಾರೆ. ಟೆಂಡರ್ ಸಿಗದವರಿಗೆ ಅದನ್ನು ಮರಳಿಸಲಾಗುತ್ತದೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ನುಗ್ಗಿದ ಹ್ಯಾಕರ್‌ಗಳು ಹೀಗೆ ಮರಳಬೇಕಿದ್ದ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ಸಾಗಿಸಿದರು. ಪ್ರಕರಣದ ತನಿಖೆ ಸಿಐಡಿಗೆ ಹೋಯಿತು. 2020ರ ನವೆಂಬರಿನಲ್ಲಿ ಮಾದಕ ವಸ್ತು ಪ್ರಕರಣವೊಂದರಲ್ಲಿ ಬೆಂಗಳೂರು ಪೊಲೀಸರು ಬಂಧಿಸಿದ ಯುವಕನೊಬ್ಬನ ಮೇಲೆ ಈ ಆರೋಪವೂ ಬಂದಿತು.

ಹಣ ಪಾವತಿಯ ಆದೇಶವನ್ನು ಯಂತ್ರವೊಂದೇ ದೃಢೀಕರಿಸಿದರೆ ಸಾಲದು ಎಂಬುದು ಇದರಿಂದ ಕಲಿಯಬೇಕಾದ ಪಾಠ. ದೊಡ್ಡ ಮೊತ್ತಕ್ಕೆ ಇಬ್ಬರು ಅಧಿಕಾರಿಗಳ ಪ್ರತ್ಯೇಕ ಒಪ್ಪಿಗೆ ಇರಬೇಕು. ಬ್ಯಾಂಕಿನ ಲೆಕ್ಕ ಮತ್ತು ಕಚೇರಿಯ ಲೆಕ್ಕವನ್ನು ದಿನವೂ ತಾಳೆ ನೋಡಬೇಕು.

ಸಣ್ಣ ಸಂಸ್ಥೆಗಳಿಗೂ ಅಪಾಯ

ಇದು ರಾಜಧಾನಿಯ ಸಮಸ್ಯೆ ಮಾತ್ರವಲ್ಲ. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ವ್ಯವಸ್ಥೆಯ ಮೇಲೆ ರಾನ್ಸಮ್‌ವೇರ್ ದಾಳಿ ನಡೆಯಿತು. ಮುನ್ನೆಚ್ಚರಿಕೆಯಾಗಿ ರಾಷ್ಟ್ರೀಯ ಪಾವತಿ ನಿಗಮವು ಅದರ ಸಂಪರ್ಕವನ್ನು ಕಡಿದುಹಾಕಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಪಾವತಿ ಸೇವೆಗಳಿಲ್ಲದೆ ಪರದಾಡಬೇಕಾಯಿತು. ಆ ಬ್ಯಾಂಕುಗಳ ಕಚೇರಿಗೆ ಕಳ್ಳರು ಬಂದಿರಲಿಲ್ಲ. ಸೇವೆ ಒದಗಿಸುವವರ ಮನೆಗೆ ಬಂದಿದ್ದರು. ಕುಮಟಾ, ಹೊನ್ನಾವರ, ಭಟ್ಕಳದಂಥ ಊರುಗಳ ಸಹಕಾರಿ ಸಂಘಗಳು ಹೊರಗಿನವರಿಂದ ತಂತ್ರಾಂಶ ಪಡೆಯುವಾಗ ಇದನ್ನು ನೆನಪಿಡುವುದು ಒಳಿತು.

ರಾನ್ಸಮ್‌ವೇರ್ ಎಂದರೆ ಕಂಪ್ಯೂಟರಿನ ಕಡತಗಳಿಗೆ ಗುಪ್ತ ಬೀಗ ಜಡಿದು, ಕೀಲಿಗಾಗಿ ಹಣ ಕೇಳುವ ಕುತಂತ್ರಾಂಶ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆ ಇಂಥ ದಾಳಿಗೆ ತುತ್ತಾದಾಗ, ರೋಗಿಗಳ ನೋಂದಣಿಯಿಂದ ಹಿಡಿದು ಹಲವು ಕೆಲಸಗಳನ್ನು ದಿನಗಟ್ಟಲೆ ಕಾಗದದ ಮೇಲೆ ನಡೆಸಬೇಕಾಯಿತು.

ಹೆಚ್ಚಿನ ದಾಳಿಗಳು ಆರಂಭವಾಗುವುದು ಸರಳ ಮೋಸದಿಂದ. ಬ್ಯಾಂಕಿನದೋ ಮೇಲಧಿಕಾರಿಯದೋ ಎಂದು ತೋರುವ ಇ-ಮೇಲ್ ಬರುತ್ತದೆ; ಅದರ ಕೊಂಡಿಯನ್ನು ಒತ್ತಿದ ಗುಮಾಸ್ತ ತನ್ನ ಪಾಸ್‌ವರ್ಡನ್ನು ತಾನೇ ಒಪ್ಪಿಸುತ್ತಾನೆ. ಇದಕ್ಕೆ ಫಿಶಿಂಗ್ ಎಂದು ಹೆಸರು. ‘ನಮ್ಮ ಖಾತೆ ಸಂಖ್ಯೆ ಬದಲಾಗಿದೆ, ಬಿಲ್ಲಿನ ಹಣ ಇಲ್ಲಿಗೆ ಕಳುಹಿಸಿ’ ಎಂಬ ಪತ್ರ ಇದರ ಇನ್ನೊಂದು ರೂಪ.

ಮಾಡಬೇಕಾದ್ದೇನು?

* ಪಾಸ್‌ವರ್ಡಿನ ಜೊತೆಗೆ ಎರಡನೆಯ ದೃಢೀಕರಣ ಕಡ್ಡಾಯವಾಗಲಿ. ಒಂದೇ ಪಾಸ್‌ವರ್ಡನ್ನು ಕಚೇರಿಯವರೆಲ್ಲ ಹಂಚಿಕೊಳ್ಳುವ ರೂಢಿ ನಿಲ್ಲಲಿ. ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ರದ್ದುಪಡಿಸಿ.

* ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿ. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ‘ವಾನಾಕ್ರೈ’ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ಪರಿಹಾರ ನೀಡಿತ್ತು. ಅದನ್ನು ಅಳವಡಿಸಿಕೊಳ್ಳದ ಕಂಪ್ಯೂಟರುಗಳೇ ಹೆಚ್ಚಾಗಿ ಬಲಿಯಾದವು.

* ಮಾಹಿತಿಯ ಮೂರು ಪ್ರತಿಗಳಿರಲಿ. ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಕಚೇರಿಯ ಹೊರಗೆ, ಜಾಲದ ಸಂಪರ್ಕವಿಲ್ಲದೆ ಇರಲಿ. ಪ್ರತಿಯಿಂದ ಮಾಹಿತಿ ನಿಜಕ್ಕೂ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಿ.

* ಖಾತೆ ಬದಲಾವಣೆಯ ಪತ್ರ ಬಂದರೆ, ಪತ್ರದಲ್ಲಿರುವ ದೂರವಾಣಿಗೆ ಅಲ್ಲ, ಮೊದಲಿನಿಂದ ನಿಮ್ಮ ಬಳಿ ಇರುವ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಳ್ಳಿ.

ಮುಚ್ಚಿಟ್ಟರೆ ನಷ್ಟ ಹೆಚ್ಚು

ದಾಳಿಯ ನಂತರ ಸಂಸ್ಥೆಗಳು ಮಾಡುವ ದೊಡ್ಡ ತಪ್ಪೆಂದರೆ ಮಾನ ಹೋದೀತೆಂದು ಸುಮ್ಮನಿರುವುದು. ಕೇಂದ್ರದ ‘ಸರ್ಟ್-ಇನ್’ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು; ವ್ಯವಸ್ಥೆಯ ಚಟುವಟಿಕೆಯ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆಮಾಡಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವುದರಿಂದ, ಬೇಗ ತಿಳಿಸಿದಷ್ಟೂ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ತಪ್ಪಾಗಿ ಕೊಂಡಿ ಒತ್ತಿದ ನೌಕರನನ್ನು ಗದರಿಸುವ ಕಚೇರಿಯಲ್ಲಿ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ‘ನನ್ನಿಂದ ತಪ್ಪಾಯಿತು’ ಎಂದು ಹತ್ತು ನಿಮಿಷದಲ್ಲಿ ಹೇಳುವ ಧೈರ್ಯವನ್ನು ನೌಕರರಿಗೆ ನೀಡುವುದು ಆಡಳಿತ ಮಂಡಳಿಗಳ ಹೊಣೆ. ಕೋಟೆ ಎಷ್ಟೇ ಭದ್ರವಾಗಿದ್ದರೂ ಅಪಾಯವನ್ನು ಮೊದಲು ಕಂಡು ಕೂಗಬೇಕಾದವನು ಕಾವಲುಗಾರನೇ ಅಲ್ಲವೇ?